ಸಆದಾ ಮತ್ತು ಸುಖದ ಮಾಪನಿ: ಅಭಿಜಾತ ಇಸ್ಲಾಮಿ ತತ್ತ್ವಚಿಂತನೆಯ ಒಂದು ಆಧುನಿಕ ಓದಿನ ವಿಮರ್ಶೆ

೧೯೯೮ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್ ಅವರು ತಮ್ಮ ಶಾಸ್ತ್ರದ ಬಗೆಗೆ ಒಂದು ಆಕ್ಷೇಪವನ್ನು ಎತ್ತಿದರು. ಎರಡನೆಯ ಮಹಾಯುದ್ಧದ ತರುವಾಯ ಮನೋವಿಜ್ಞಾನವು ಬಹುಮಟ್ಟಿಗೆ ರೋಗಗಳ ಶಾಸ್ತ್ರವಾಗಿಯೇ ಬೆಳೆಯಿತು. ಬಾಳು ಬಾಳಲು ಯೋಗ್ಯವಾಗುವುದು ಯಾವುದರಿಂದ ಎಂಬ ಪ್ರಶ್ನೆ ಅದರಿಂದ ಕೈಬಿಟ್ಟುಹೋಯಿತು ಎಂಬುದು ಆ ಆಕ್ಷೇಪದ ಸಾರ. ಇದರಿಂದ ರೂಪುಗೊಂಡ ಸಕಾರಾತ್ಮಕ ಮನೋವಿಜ್ಞಾನವು ತನಗೊಂದು ನೈತಿಕ ಆಧಾರವನ್ನು ಅರಸುತ್ತ ಪ್ರಾಚೀನ ದರ್ಶನಗಳ ಕಡೆಗೆ ತಿರುಗಿತು. ಕ್ರಿಸ್ಟೋಫರ್ ಪೀಟರ್‌ಸನ್ ಅವರೊಡನೆ ಸೆಲಿಗ್‌ಮನ್ ೨೦೦೪ರಲ್ಲಿ ಪ್ರಕಟಿಸಿದ ಬೃಹತ್ ಕೈಪಿಡಿಯಲ್ಲಿಯೂ, ಕ್ಯಾಥರೀನ್ ಡಾಲ್ಸ್‌ಗಾರ್ಡ್ ಅವರನ್ನೂ ಸೇರಿಸಿಕೊಂಡು ಮೂವರು ೨೦೦೫ರಲ್ಲಿ ಬರೆದ ಪ್ರಬಂಧದಲ್ಲಿಯೂ ಚೀನಾ, ಭಾರತ, ಅಥೆನ್ಸ್, ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಮಿ ಪರಂಪರೆಗಳನ್ನು ಸಮೀಕ್ಷಿಸಿ, ಇವೆಲ್ಲವೂ ಆರು ಮೂಲ ಸದ್ಗುಣಗಳಲ್ಲಿ ಒಂದುಗೂಡುತ್ತವೆ ಎಂಬ ನಿಲುವನ್ನು ಮಂಡಿಸಲಾಯಿತು. ವಿವೇಕ, ಧೈರ್ಯ, ಮಾನವೀಯತೆ, ನ್ಯಾಯ, ಸಂಯಮ, ಅತೀತತೆ ಎಂಬವೇ ಆ ಆರು. ಇವುಗಳಡಿಯಲ್ಲಿ ೨೪ ಗುಣಶಕ್ತಿಗಳ ವರ್ಗೀಕರಣವಿದೆ. ಈ ಸಮೀಕ್ಷೆಯಲ್ಲಿ ಇಸ್ಲಾಮಿನ ಪರವಾಗಿ ಮುಖ್ಯ ಸಾಕ್ಷಿಯಾಗಿ ಕರೆಸಲ್ಪಟ್ಟವನು ೯೫೦ರಲ್ಲಿ ತೀರಿಕೊಂಡ ಅಲ್-ಫಾರಾಬಿ.

ಆಯ್ಕೆ ಸಮಂಜಸವಾದುದೇ. ಇಸ್ಲಾಮಿ ಜಗತ್ತಿನಲ್ಲಿ ಸುಖದ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ನಡುಮನೆಗೆ ತಂದವನು ಅವನೇ. ‘ಸುಖದ ಸಿದ್ಧಿ’, ‘ಸುಖದ ಹಾದಿಯ ಎಚ್ಚರಿಕೆ’ ಎಂದು ಅನುವಾದಿಸಬಹುದಾದ ಎರಡು ಕೃತಿಗಳನ್ನು ಆ ಹೆಸರಿನಲ್ಲಿಯೇ ರಚಿಸಿದವನು ಅವನು. ಆದರೆ ಕರೆತಂದ ಸಾಕ್ಷಿಯಿಂದ ಕೇಳಿದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದನ್ನು ಪರಿಶೀಲಿಸಿದಾಗ ಬೇರೊಂದು ಚಿತ್ರ ಕಾಣುತ್ತದೆ. ಫಾರಾಬಿಯಿಂದ ಸದ್ಗುಣಗಳ ಪಟ್ಟಿಯನ್ನು ಪಡೆದುಕೊಂಡ ಈ ಓದು ಅವನ ನಗರವನ್ನು ಹೊರಗಿಟ್ಟಿತು. ನಗರವನ್ನು ಹೊರಗಿಟ್ಟ ಮೇಲೆ ಅವನ ಸುಖವೂ ಉಳಿಯಲಿಲ್ಲ ಎಂಬುದು ಪ್ರಸ್ತುತ ಪ್ರಬಂಧದ ವಾದ.

ಮೊದಲಿಗೆ ಪದದ ವಿಚಾರ. ಅರಬಿಯ ‘ಸಆದಾ’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಸಮಾನಪದವನ್ನು ಕೊಡುವುದು ಕಷ್ಟ. ‘ಸುಖ’ ಎಂದರೆ ದೇಹದ ವಾಸನೆ ಹೆಚ್ಚಾಗುತ್ತದೆ. ‘ಆನಂದ’ ಎಂದೊಡನೆ ವೇದಾಂತದ ಬಣ್ಣ ಬರುತ್ತದೆ. ‘ನೆಮ್ಮದಿ’ ಒಳಗಿನ ಶಾಂತಿಗೆ ಸೀಮಿತ. ಸಆದಾದ ಧಾತುವಿನಲ್ಲಿ ಶುಭದ, ಭಾಗ್ಯದ ಅರ್ಥವಿದೆ. ಗುರು ಶುಕ್ರಗಳಂಥ ಶುಭಗ್ರಹಗಳನ್ನು ಅರಬ್ ಜ್ಯೋತಿಷಿಗಳು ‘ಸಅದ್’ ಎಂದೇ ಕರೆದರು. ನಮ್ಮ ದಖನಿ ಮನೆಗಳಲ್ಲಿ ಇಂದಿಗೂ ಕೇಳಿಬರುವ ಸಾದತ್ ಎಂಬ ಹೆಸರಿನ ಹಿಂದೆ ಇರುವುದೂ ಈ ಭಾಗ್ಯವೇ. ಕುರ್‌ಆನಿನಲ್ಲಿ ಅಂತ್ಯದಿನದ ಜನರನ್ನು ಎರಡಾಗಿ ವಿಂಗಡಿಸುವಲ್ಲಿ ಇದೇ ಧಾತುವಿನ ಪದ ‘ಶಕೀ’ ಅಂದರೆ ನಿರ್ಭಾಗ್ಯನೆಂಬ ಪದಕ್ಕೆ ಎದುರಾಗಿ ನಿಲ್ಲುತ್ತದೆ. ಗ್ರೀಕರ ‘ಯುಡೈಮೊನಿಯಾ’ವನ್ನು ಅರಬಿಗೆ ತಂದವರು ಈ ಪದವನ್ನು ಆರಿಸಿಕೊಂಡಾಗ ಅರಿಸ್ಟಾಟಲನ ಪೂರ್ಣತೆ, ಪರಲೋಕದ ಸದ್ಗತಿ ಎರಡೂ ಒಂದೇ ಪಾತ್ರೆಗೆ ಬಿದ್ದವು. ಮುಂದಿನ ಮೂರು ಶತಮಾನಗಳ ಚರ್ಚೆಯ ಬಹುಪಾಲು ಈ ಬೆರಕೆಯಿಂದಲೇ ಹುಟ್ಟಿತೆನ್ನಬಹುದು. ಆದ್ದರಿಂದ ಇಲ್ಲಿ ‘ಸಆದಾ’ ಎಂಬ ಪದವನ್ನೇ ಉಳಿಸಿಕೊಳ್ಳಲಾಗಿದೆ.

‘ಸುಖದ ಸಿದ್ಧಿ’ಯ ಆರಂಭದಲ್ಲಿಯೇ ಫಾರಾಬಿ ಇಹದ ಸುಖಕ್ಕೂ ಪರದ ಪರಮ ಸುಖಕ್ಕೂ ಸಾಧನವಾದ ನಾಲ್ಕು ಸಂಗತಿಗಳನ್ನು ಹೆಸರಿಸುತ್ತಾನೆ: ತಾತ್ತ್ವಿಕ ಸದ್ಗುಣ, ಪರ್ಯಾಲೋಚನೆಯ ಸದ್ಗುಣ, ನೈತಿಕ ಸದ್ಗುಣ ಮತ್ತು ಪ್ರಾಯೋಗಿಕ ಕಲೆಗಳು. ಇವುಗಳನ್ನು ಪಡೆಯಬೇಕಾದವರು ಯಾರು? ಜನಾಂಗಗಳು ಮತ್ತು ನಗರಗಳ ಪ್ರಜೆಗಳು. ವಾಕ್ಯದ ಕರ್ತೃವೇ ಬಹುವಚನದಲ್ಲಿದೆ. ಆಧುನಿಕ ವರ್ಗೀಕರಣದ ಆರು ಸದ್ಗುಣಗಳು ಈ ನಾಲ್ಕರಲ್ಲಿ ಮುಖ್ಯವಾಗಿ ಮೂರನೆಯದರ ವ್ಯಾಪ್ತಿಗೆ ಬರುತ್ತವೆ. ‘ವಿವೇಕ’ ಎಂಬ ಹೆಸರು ಉಳಿದರೂ ಅದರಡಿ ಕುತೂಹಲ, ಕಲಿಕೆಯ ಪ್ರೀತಿ ಮೊದಲಾದ ಸ್ವಭಾವಗಳಿವೆ. ಜಗತ್ತಿನ ಆದಿಕಾರಣವನ್ನು ಅರಿಯುವ, ಆ ಅರಿವಿನ ಬೆಳಕಿನಲ್ಲಿ ನಗರವನ್ನು ಕಟ್ಟುವ ಕೆಲಸ ಅಲ್ಲಿಲ್ಲ. ಫಾರಾಬಿಯ ದೃಷ್ಟಿಯಲ್ಲಿ ಆ ಕೆಲಸವಿಲ್ಲದ ಸಂಯಮವಾಗಲಿ ಧೈರ್ಯವಾಗಲಿ ಗುರಿಯಿಲ್ಲದ ಬಾಣ.

ಇದಕ್ಕಿಂತ ಮುಖ್ಯವಾದುದು ‘ಸದ್ಗುಣದ ನಗರದ ನಿವಾಸಿಗಳ ಅಭಿಪ್ರಾಯಗಳು’ ಎಂಬ ಅವನ ಪ್ರೌಢ ಕೃತಿಯಲ್ಲಿ ಬರುವ ಅಜ್ಞಾನದ ನಗರಗಳ ಪ್ರಕರಣ. ಬರಿಯ ಅನ್ನ ವಸ್ತ್ರಗಳ ಅಗತ್ಯಕ್ಕೆ ಕೂಡಿದ ನಗರ, ಸಂಪತ್ತನ್ನೇ ಗುರಿಯಾಗಿಸಿಕೊಂಡ ನಗರ, ಭೋಗದ ನಗರ, ಕೀರ್ತಿಯ ನಗರ, ಅನ್ಯರನ್ನು ಗೆದ್ದಾಳುವ ನಗರ, ಪ್ರತಿಯೊಬ್ಬನೂ ತನಗೆ ತೋಚಿದಂತೆ ಬದುಕುವ ಸ್ವಾತಂತ್ರ್ಯದ ನಗರ ಎಂದು ಅವನು ಇವನ್ನು ವಿಂಗಡಿಸುತ್ತಾನೆ. ಇವುಗಳ ನಿವಾಸಿಗಳು ದುಃಖಿಗಳೆಂದು ಅವನು ಹೇಳುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಆರೋಗ್ಯ, ಐಶ್ವರ್ಯ, ಭೋಗ, ಗೌರವ ಇವುಗಳಲ್ಲಿ ಒಂದೊಂದನ್ನೂ ಅವರು ಸಆದಾ ಎಂದು ಭಾವಿಸಿದ್ದಾರೆ, ಅದು ದೊರೆತಾಗ ತೃಪ್ತರೂ ಆಗಿದ್ದಾರೆ. ಅವರದು ‘ಭಾವಿತ ಸುಖ’. ಜ್ವರದಿಂದ ನಾಲಗೆ ಕೆಟ್ಟ ರೋಗಿಗೆ ರುಚಿಯಾದದ್ದು ಹಿತವಾಗುವುದಿಲ್ಲ, ಒಲ್ಲದ ರುಚಿಗಳೇ ಹಿತವೆನಿಸುತ್ತವೆ. ಹಾಗೆಯೇ ಕೆಟ್ಟ ಅಭ್ಯಾಸಗಳಿಂದ ರೋಗಗ್ರಸ್ತವಾದ ಆತ್ಮವು ಆ ಅಭ್ಯಾಸಗಳಲ್ಲಿಯೇ ಸುಖ ಕಾಣುತ್ತದೆ. ರೋಗವಿದೆಯೆಂದು ಅರಿಯದವನು ವೈದ್ಯನ ಮಾತಿಗೆ ಕಿವಿಗೊಡುವುದಿಲ್ಲ ಎಂಬಲ್ಲಿಗೆ ಅವನ ದೃಷ್ಟಾಂತ ಮುಗಿಯುತ್ತದೆ.

ಇದರ ಪಕ್ಕದಲ್ಲಿ ಎಡ್ ಡೀನರ್, ರಾಬರ್ಟ್ ಎಮನ್ಸ್ ಮೊದಲಾದವರು ೧೯೮೫ರಲ್ಲಿ ಪ್ರಕಟಿಸಿದ ‘ಜೀವನ ತೃಪ್ತಿಯ ಮಾಪನಿ’ಯನ್ನು ಇಟ್ಟು ನೋಡೋಣ. ಇದರಲ್ಲಿರುವುದು ಐದೇ ಹೇಳಿಕೆಗಳು. ತನ್ನ ಬದುಕು ತನ್ನ ಆದರ್ಶಕ್ಕೆ ಹತ್ತಿರವಿದೆಯೆ, ತನಗೆ ಬೇಕಾದದ್ದು ದೊರೆತಿದೆಯೆ ಎಂಬ ಬಗೆಯ ಈ ಹೇಳಿಕೆಗಳಿಗೆ ೧ರಿಂದ ೭ರವರೆಗೆ ಅಂಕ ಕೊಡಬೇಕು. ಒಟ್ಟು ೫ರಿಂದ ೩೫ರವರೆಗೆ ಬರುತ್ತದೆ. ಹೇಳಿಕೆಗಳಲ್ಲಿ ಆದರ್ಶ ಯಾವುದೆಂದು ನಿರ್ದೇಶಿಸಿಲ್ಲ, ಅದನ್ನು ಉದ್ದೇಶಪೂರ್ವಕವಾಗಿಯೇ ಬಿಡಲಾಗಿದೆ. ಫಾರಾಬಿಯ ಸಂಪತ್ತಿನ ನಗರದಲ್ಲಿ ಬೇಕಾದಷ್ಟು ಗಳಿಸಿದ ವರ್ತಕನೊಬ್ಬನಿಗೆ ಈ ಪತ್ರಿಕೆಯನ್ನು ಕೊಟ್ಟರೆ ಅವನು ನಿರ್ವಂಚನೆಯಿಂದ ೩೫ ಅಂಕಗಳನ್ನು ಬರೆದುಕೊಡಬಹುದು. ಮಾಪನಿಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಫಾರಾಬಿಯ ಮಟ್ಟಿಗೆ ವಿಷಯ ಆರಂಭವಾಗುವುದೇ ಆ ೩೫ರಿಂದ. ಇಂಥವನನ್ನು ಸಾಕ್ಷಿಯಾಗಿ ಕರೆದು, ಈ ಮಾಪನಿಯನ್ನು ತನ್ನ ಮುಖ್ಯ ಉಪಕರಣಗಳಲ್ಲೊಂದಾಗಿ ಬಳಸುವ ಶಾಸ್ತ್ರದ ಪರವಾಗಿ ನಿಲ್ಲಿಸುವುದು ವಿಚಿತ್ರವೇ ಸರಿ.

ಹೀಗೆಂದಮಾತ್ರಕ್ಕೆ ತೀರ್ಪು ಫಾರಾಬಿಯ ಪರವಾಗಿದೆ ಎಂದೇನೂ ಅಲ್ಲ. ‘ನೀನು ಸುಖಿ ಎಂದುಕೊಂಡಿದ್ದೀಯೆ, ಆದರೆ ಸುಖಿಯಲ್ಲ’ ಎಂದು ಇನ್ನೊಬ್ಬನಿಗೆ ಹೇಳುವ ಅಧಿಕಾರ ಯಾರಿಗಿದೆ? ಫಾರಾಬಿಯ ಉತ್ತರ ಸ್ಪಷ್ಟ: ತತ್ತ್ವಜ್ಞಾನಿಯೂ ಶಾಸನಕರ್ತನೂ ಆದ ಪ್ರಥಮ ನಾಯಕನಿಗೆ. ಅಂಥ ನಾಯಕ ದೊರೆಯದ ಕಡೆ ಆ ಅಧಿಕಾರವನ್ನು ಯಾರು ಯಾರು ಕಸಿದುಕೊಂಡರು ಎಂಬುದಕ್ಕೆ ಇತಿಹಾಸದಲ್ಲಿ ಉದಾಹರಣೆಗಳ ಕೊರತೆಯಿಲ್ಲ. ೧೯೮೪ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಡೀನರ್ ಅವರು ‘ವ್ಯಕ್ತಿನಿಷ್ಠ ಸುಸ್ಥಿತಿ’ಯನ್ನು ಆಯಾ ವ್ಯಕ್ತಿಯ ದೃಷ್ಟಿಯಿಂದಲೇ ಅಳೆಯಬೇಕೆಂದು ಒತ್ತಾಯಿಸಿದ್ದರ ಹಿಂದೆ ಒಂದು ಪ್ರಜಾಸತ್ತಾತ್ಮಕ ಸಭ್ಯತೆಯಿದೆ. ಬಡವನನ್ನೂ ರೋಗಿಯನ್ನೂ ಕೇಳಿಯೇ ತಿಳಿಯಬೇಕು ಎಂಬ ಈ ಸಭ್ಯತೆ ಫಾರಾಬಿಯಲ್ಲಿ ಕಾಣುವುದಿಲ್ಲ. ಆದರೂ ಅವನಿಗೆ ಈ ತೊಡಕಿನ ಅರಿವಿತ್ತೆಂದು ತೋರುತ್ತದೆ. ‘ನಾಗರಿಕ ರಾಜನೀತಿ’ ಎಂಬ ಇನ್ನೊಂದು ಕೃತಿಯಲ್ಲಿ ಸ್ವಾತಂತ್ರ್ಯದ ನಗರವನ್ನು ಅವನು ಅಜ್ಞಾನದ ನಗರಗಳ ಪೈಕಿ ಎಲ್ಲರಿಗೂ ಪ್ರಿಯವಾದ, ಮೆಚ್ಚಿಕೆಯಾಗುವ ನಗರವೆಂದು ವರ್ಣಿಸುತ್ತಾನೆ. ಎಲ್ಲ ಬಗೆಯ ಜನರೂ ಅಲ್ಲಿಗೆ ಬಂದು ನೆಲೆಸುತ್ತಾರೆ. ಕೇಡು ಅಲ್ಲಿ ಹೆಚ್ಚು, ಒಳಿತೂ ಹೆಚ್ಚು. ಕಾಲಕ್ರಮದಲ್ಲಿ ಜ್ಞಾನಿಗಳೂ ಕವಿಗಳೂ ಅಲ್ಲಿಯೇ ಹುಟ್ಟುತ್ತಾರೆ. ಅಜ್ಞಾನದ ನಗರವೊಂದನ್ನು ಕುರಿತು ಇಷ್ಟು ಉದಾರವಾಗಿ ಬರೆದ ತತ್ತ್ವಜ್ಞಾನಿಯನ್ನು ಸರ್ವಾಧಿಕಾರದ ಪಕ್ಷಪಾತಿಯೆಂದು ತಳ್ಳಿಹಾಕಲಾಗದು.

ಪರಂಪರೆಯೊಳಗೇ ಅವನ ಬಗ್ಗೆ ಒಂದು ಗುಮಾನಿಯಿತ್ತು. ಅರಿಸ್ಟಾಟಲನ ನೀತಿಶಾಸ್ತ್ರಕ್ಕೆ ಅವನು ಬರೆದ, ಈಗ ಲುಪ್ತವಾಗಿರುವ ವ್ಯಾಖ್ಯಾನದಲ್ಲಿ ಈ ಲೋಕದ ಸುಖವನ್ನು ಬಿಟ್ಟರೆ ಬೇರೆ ಸುಖವಿಲ್ಲ, ಮಿಕ್ಕದ್ದೆಲ್ಲ ಮುದುಕಿಯರ ಕಟ್ಟುಕತೆ ಎಂಬ ಅರ್ಥದ ಮಾತಿತ್ತೆಂದು ಸ್ಪೇನಿನ ಇಬ್ನ್ ತುಫೈಲ್ (ಮರಣ ೧೧೮೫) ತನ್ನ ‘ಹಯ್ ಇಬ್ನ್ ಯಕ್ಜಾನ್’ ಕಥನದ ಪೀಠಿಕೆಯಲ್ಲಿ ದೂರುತ್ತಾನೆ. ಇದರಿಂದ ಮನುಷ್ಯಕುಲವೆಲ್ಲ ಹತಾಶವಾಗುವಂತಾಯಿತು ಎನ್ನುತ್ತಾನೆ. ಅವನಿಗಿಂತ ಹಿರಿಯನಾದ ಇಬ್ನ್ ಬಾಜ್ಜ ಮತ್ತೊಂದು ತುದಿಗೆ ಹೋದವನು. ಬೆಳೆಯ ನಡುವೆ ತಾನೇ ಹುಟ್ಟುವ ಕಳೆ ಎಂಬ ಅರ್ಥದ ಪದವನ್ನು ಫಾರಾಬಿ ನಗರಕ್ಕೆ ಹೊಂದದವರ ಬಗೆಗೆ ನಿಂದೆಯಾಗಿ ಬಳಸಿದ್ದ. ಇಬ್ನ್ ಬಾಜ್ಜ ಅದೇ ಪದವನ್ನು ಕೆಟ್ಟ ನಗರದಲ್ಲಿ ಒಂಟಿಯಾಗಿ ಸತ್ಯವನ್ನು ಕಂಡುಕೊಂಡ ಜ್ಞಾನಿಗೆ ಬಿರುದಾಗಿ ಕೊಟ್ಟ. ನಗರವಿಲ್ಲದೆ ಸಆದಾ ಸಾಧ್ಯವೆ ಎಂಬ ವಿವಾದ ಇಷ್ಟು ತೀವ್ರವಾಗಿ ನಡೆದ ಪರಂಪರೆಗೆ ಒಬ್ಬನೇ ಪ್ರತಿನಿಧಿಯನ್ನು ನೇಮಿಸುವುದರಲ್ಲಿಯೇ ದೋಷವಿದೆ.

ವಿರುದ್ಧ ದಿಕ್ಕಿನಿಂದ ಬರುವ ಒಂದು ಓದನ್ನೂ ಇಲ್ಲಿ ಹೆಸರಿಸಬೇಕು. ೯೩೪ರಲ್ಲಿ ತೀರಿಕೊಂಡ ಅಬೂ ಜೈದ್ ಅಲ್-ಬಲ್ಖಿ, ದೇಹ ಮತ್ತು ಆತ್ಮಗಳ ಹಿತವನ್ನು ಕುರಿತ ತನ್ನ ಗ್ರಂಥದಲ್ಲಿ ಕಾರಣ ತಿಳಿದ ದುಃಖವನ್ನೂ ಕಾರಣ ತಿಳಿಯದ ದುಃಖವನ್ನೂ ಬೇರ್ಪಡಿಸಿದ. ಕಷ್ಟಕಾಲಕ್ಕೆಂದು ಔಷಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆ ಆರೋಗ್ಯಕರವಾದ ಆಲೋಚನೆಗಳನ್ನು ಮೊದಲೇ ಕೂಡಿಟ್ಟುಕೊಳ್ಳಬೇಕೆಂದ. ಈ ಆಧಾರದ ಮೇಲೆ ಅವನು ಇಂದಿನ ಅರಿವಿನ ಚಿಕಿತ್ಸೆಯನ್ನು ಸಾವಿರ ವರ್ಷ ಮೊದಲೇ ಕಂಡುಹಿಡಿದನೆಂದು ಹೇಳುವ ಬರಹಗಳು ಈಚೆಗೆ ಹೆಚ್ಚಿವೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂಬ ಈ ಧಾಟಿ ನಮಗೆ ಅಪರಿಚಿತವೇನಲ್ಲ. ಬಲ್ಖಿಯ ಸೂಕ್ಷ್ಮತೆ ನಿಜವಾದುದು. ಆದರೆ ಪೂರ್ವಜನೆಂಬ ಪಟ್ಟ ಕಟ್ಟುವುದರಿಂದ ಅವನಿಗೆ ಆಗುವ ಗೌರವ ಕಡಿಮೆ. ಅವನ ಗುರು ಅಲ್-ಕಿಂದಿಯ ‘ದುಃಖನಿವಾರಣೆಯ ಉಪಾಯ’ವನ್ನೇ ನೋಡಬಹುದು. ಪ್ರಿಯವಾದುದರ ನಾಶ ಮತ್ತು ಬಯಸಿದುದರ ಅಲಾಭ ಇವೆರಡೇ ದುಃಖದ ಮೂಲ ಎಂದು ಅವನು ಆರಂಭಿಸುತ್ತಾನೆ. ಅದರಲ್ಲಿ ಬರುವ, ಚಕ್ರವರ್ತಿ ನೀರೋಗೆ ಸ್ಫಟಿಕದ ಮಂಟಪ ಕಾಣಿಕೆಯಾಗಿ ಬಂದ ಕಥೆ ಸ್ವಾರಸ್ಯಕರ. ಎಲ್ಲರೂ ಹೊಗಳುತ್ತಿರುವಾಗ ಒಬ್ಬ ತತ್ತ್ವಜ್ಞಾನಿ, ಇದು ನಿನ್ನ ಬಡತನವನ್ನು ಬಯಲುಮಾಡಿತು, ಇದು ಹೋದರೆ ಇಂಥದು ಮತ್ತೆ ನಿನಗೆ ಸಿಗದು ಎಂದ; ಮುಂದೆ ಅದನ್ನು ಸಾಗಿಸುತ್ತಿದ್ದ ಹಡಗು ಮುಳುಗಿತು. ಕಿಂದಿ ಇಲ್ಲಿ ಚಿತ್ತವೃತ್ತಿಯನ್ನು ತಿದ್ದುವುದರ ಜೊತೆಗೆ ನಾಶವಿಲ್ಲದುದು ಬುದ್ಧಿಯ ಲೋಕದಲ್ಲಿ ಮಾತ್ರ ಇದೆ ಎಂಬ ಸಿದ್ಧಾಂತಕ್ಕೆ ಓದುಗನನ್ನು ಒಯ್ಯುತ್ತಿದ್ದಾನೆ. ಆ ಸಿದ್ಧಾಂತವನ್ನು ಒಪ್ಪದವನಿಗೆ ಉಪಾಯದ ಅರ್ಧ ಭಾಗ ಮಾತ್ರ ದಕ್ಕುತ್ತದೆ.

ನಗರದ ಪ್ರಶ್ನೆ ನಿತ್ಯದ ಬಾಳಿಗೆ ಇಳಿದು ಬರುವುದು ಮಿಸ್ಕವೈಹ್‌ನಲ್ಲಿ (ಮರಣ ೧೦೩೦). ಬುವೈಹ್ ಅರಸರ ಆಸ್ಥಾನದಲ್ಲಿ ಗ್ರಂಥಪಾಲಕನಾಗಿ ದುಡಿದ ಇವನ ‘ತಹಜೀಬುಲ್ ಅಖ್ಲಾಕ್’ ಅರಬಿ ನೀತಿಶಾಸ್ತ್ರದ ಕೇಂದ್ರ ಗ್ರಂಥ. ೧೩ನೆಯ ಶತಮಾನದಲ್ಲಿ ನಸೀರುದ್ದೀನ್ ತೂಸಿ ಇದನ್ನು ಆಧರಿಸಿ ಬರೆದ ಪಾರಸಿ ಕೃತಿ ಮೊಗಲರ ಆಸ್ಥಾನದಲ್ಲಿಯೂ ಓದಲ್ಪಟ್ಟಿತು. ‘ಇನ್ಸಾನ್’ ಎಂಬ ಪದವು ಒಡನಾಟ ಎಂಬರ್ಥದ ‘ಉನ್ಸ್’ನಿಂದ ಬಂದಿತೆಂದು ಮಿಸ್ಕವೈಹ್ ಹೇಳುತ್ತಾನೆ. ಗುಹೆ ಸೇರಿದ ವಿರಕ್ತನಿಗೆ ಸದ್ಗುಣವೇ ಇಲ್ಲ, ಏಕೆಂದರೆ ಔದಾರ್ಯ, ನ್ಯಾಯಗಳನ್ನು ತೋರುವ ಸಂದರ್ಭವೇ ಅವನಿಗಿಲ್ಲ ಎಂಬುದು ಅವನ ನಿಷ್ಠುರ ಮಾತು. ದಿನಕ್ಕೆ ಐದು ಬಾರಿ ಕೇರಿಯ ಮಸೀದಿ, ವಾರಕ್ಕೊಮ್ಮೆ ಊರಿನ ಮಸೀದಿ, ವರ್ಷಕ್ಕೆರಡು ಸಲ ಊರಿನವರೂ ಹಳ್ಳಿಗಳವರೂ ಕೂಡುವ ಈದ್, ಆಯುಷ್ಯದಲ್ಲೊಮ್ಮೆ ಹಜ್ ಎಂಬ ವಿಧಿಗಳನ್ನು ಅವನು ಈ ಒಡನಾಟವನ್ನು ಬೆಳೆಸುವ ಏರ್ಪಾಡಾಗಿ ವಿವರಿಸುತ್ತಾನೆ. ಸೆಲಿಗ್‌ಮನ್ ತಮ್ಮ ಸಿದ್ಧಾಂತವನ್ನು ೨೦೧೧ರಲ್ಲಿ ಪರಿಷ್ಕರಿಸಿದಾಗ ಸುಸ್ಥಿತಿಯ ಐದು ಅಂಶಗಳಲ್ಲಿ ಮಾನವ ಸಂಬಂಧಗಳಿಗೂ ಸ್ಥಾನ ಕೊಟ್ಟರು. ಹೋಲಿಕೆಯನ್ನು ಕಾಣುವುದು ಸುಲಭ. ವ್ಯತ್ಯಾಸ ಮಾತ್ರ ಮೂಲಭೂತವಾದುದು. ಅಲ್ಲಿ ಗೆಳೆಯನು ನನ್ನ ಸುಸ್ಥಿತಿಯ ಒಂದು ಅಂಶ. ಮಿಸ್ಕವೈಹ್‌ನಲ್ಲಿ ಗೆಳೆಯರಿಲ್ಲದ ‘ನಾನು’ ಇನ್ನೂ ಮನುಷ್ಯನಾಗಿಲ್ಲ.

ಹೋಲಿಕೆ ಅತ್ಯಂತ ಹತ್ತಿರ ಬರುವ, ಆದ್ದರಿಂದಲೇ ಅತ್ಯಂತ ದಾರಿತಪ್ಪಿಸುವ ಸ್ಥಳವೆಂದರೆ ಕೃತಜ್ಞತೆ. ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ ೨೦೦೩ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಶಾಸ್ತ್ರದ ಅತಿ ಪ್ರಸಿದ್ಧ ಫಲಿತಾಂಶಗಳಲ್ಲೊಂದು. ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಐದರವರೆಗಿನ ಸಂಗತಿಗಳನ್ನು ಬರೆದಿಟ್ಟ ವಿದ್ಯಾರ್ಥಿಗಳು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿಯನ್ನು ಸೂಚಿಸಿದರು. ದೇಹದ ಬಾಧೆಗಳೂ ಕಡಿಮೆಯೆಂದರು. ನಂತರದ ಸಮೀಕ್ಷೆಗಳಲ್ಲಿ ಈ ಪರಿಣಾಮ ಮೊದಲು ತೋರಿದ್ದಕ್ಕಿಂತ ಸಣ್ಣದೆಂದು ಕಂಡುಬಂದಿದೆ, ಆದರೆ ಪ್ರಸ್ತುತ ಚರ್ಚೆಗೆ ಅದು ಮುಖ್ಯವಲ್ಲ. ಕೃತಜ್ಞತೆ ಯಾರಿಗೆ ಎಂಬ ಪ್ರಶ್ನೆ ಪ್ರಯೋಗದಲ್ಲಿ ಐಚ್ಛಿಕವಾಗಿದೆ. ದೇವರಿಗಾಗಬಹುದು, ತಾಯಿಗಾಗಬಹುದು, ಯಾರಿಗೂ ಅಲ್ಲದ ಒಂದು ಒಳ್ಳೆಯ ಸಂಜೆಯ ಬಗೆಗೂ ಆಗಬಹುದು. ಕನ್ನಡದಲ್ಲಿ ಯೋಚಿಸುವವರಿಗೆ ಇದು ಸ್ವಲ್ಪ ವಿಲಕ್ಷಣವೆನಿಸುತ್ತದೆ. ಮಾಡಿದುದನ್ನು ಬಲ್ಲವನೇ ಕೃತಜ್ಞ. ‘ಋಣ’ ಎಂದೊಡನೆ ತೀರಿಸಬೇಕಾದವರ ಮುಖ ಕಣ್ಣೆದುರು ಬರುತ್ತದೆ.

ಅಲ್-ಗಜಾಲಿಯ (ಮರಣ ೧೧೧೧) ‘ಇಹ್ಯಾ’ದ ಸಹನೆ ಮತ್ತು ಕೃತಜ್ಞತೆಯ ಭಾಗದಲ್ಲಿ ‘ಶುಕ್ರ್’ ಅಂದರೆ ಕೃತಜ್ಞತೆಗೆ ಮೂರು ಅಂಗಗಳಿವೆ: ಅರಿವು, ಭಾವಸ್ಥಿತಿ, ಕ್ರಿಯೆ. ಕೊಟ್ಟವನನ್ನು ಅರಿಯಬೇಕು; ಆ ಅರಿವಿನಿಂದ ಸಂತೋಷ ಹುಟ್ಟಬೇಕು; ದೊರೆತ ವಸ್ತುವನ್ನು ಅದು ಯಾವುದಕ್ಕಾಗಿ ಕೊಡಲ್ಪಟ್ಟಿತೋ ಅದಕ್ಕೇ ಬಳಸಬೇಕು. ಮೂರನೆಯದಿಲ್ಲದೆ ಮೊದಲೆರಡು ಪೂರ್ಣವಾಗುವುದಿಲ್ಲ. ಇದಕ್ಕೆ ಅವನು ಕೊಡುವ ಉದಾಹರಣೆ ಅನಿರೀಕ್ಷಿತವಾದುದು: ನಾಣ್ಯ. ದೀನಾರ, ದಿರ್‌ಹಮ್‌ಗಳಿಗೆ ಸ್ವತಃ ಉಪಯೋಗವಿಲ್ಲ. ತನಗೆ ಬಣ್ಣವಿಲ್ಲದಿದ್ದರೂ ಎಲ್ಲ ಬಣ್ಣಗಳನ್ನು ತೋರುವ ಕನ್ನಡಿಯಂತೆ ಅವು ವಸ್ತುಗಳ ಬೆಲೆಯನ್ನು ತೋರುತ್ತವೆ. ಜನರ ನಡುವೆ ನ್ಯಾಯಾಧಿಪತಿಯಂತೆ ಸುತ್ತಾಡುವುದಕ್ಕಾಗಿ ಅವು ಸೃಷ್ಟಿಯಾದವು. ಅವನ್ನು ಹೂತಿಡುವವನು ನ್ಯಾಯಾಧಿಪತಿಯನ್ನು ಸೆರೆಯಲ್ಲಿಟ್ಟಂತೆ. ಅವನ್ನು ಕರಗಿಸಿ ಪಾತ್ರೆ ಮಾಡಿಸಿಕೊಳ್ಳುವವನು ಊರಿನ ಆಡಳಿತಗಾರನನ್ನು ಮಗ್ಗಕ್ಕೆ ಕೂರಿಸಿದಂತೆ. ಬಡ್ಡಿಗೆ ಬಿಡುವವನೂ ಅವುಗಳ ಉದ್ದೇಶವನ್ನು ಕೆಡಿಸಿದವನೇ. ಇವರೆಲ್ಲರೂ ಅಕೃತಜ್ಞರು, ಅರಬಿಯಲ್ಲಿ ಅಕೃತಜ್ಞತೆಗಿರುವ ‘ಕುಫ್ರ್’ ಎಂಬುದೇ ಅವಿಶ್ವಾಸಕ್ಕೂ ಇರುವ ಪದ. ವಾರವಾರವೂ ತಪ್ಪದೆ ತನ್ನ ಸೌಭಾಗ್ಯಗಳ ಪಟ್ಟಿ ಬರೆಯುತ್ತ, ಬರಗಾಲದಲ್ಲಿ ಹಣವನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡವನು ಗಜಾಲಿಯ ಲೆಕ್ಕದಲ್ಲಿ ಕೃತಜ್ಞನಾಗಲಾರ, ಅವನ ತೃಪ್ತಿಯ ಅಂಕ ಎಷ್ಟೇ ಇರಲಿ. ಫಾರಾಬಿಯ ನಗರ ಇಲ್ಲಿ ಪೇಟೆಯ ರೂಪದಲ್ಲಿ ಮರಳಿ ಬಂದಿದೆ.

ಈ ಅಂಗ ಕಳಚಿಹೋದದ್ದಕ್ಕೆ ಮನೋವಿಜ್ಞಾನಿಗಳನ್ನಷ್ಟೇ ದೂರುವಂತಿಲ್ಲ. ಗಜಾಲಿಯ ಪಾರಸಿ ಕೃತಿ ‘ಕೀಮಿಯಾ-ಎ-ಸಆದತ್’ ಇಂಗ್ಲಿಷ್ ಓದುಗರಲ್ಲಿ ಪ್ರಸಿದ್ಧವಾದದ್ದು ಕ್ಲಾಡ್ ಫೀಲ್ಡ್ ಅವರು ೧೯೧೦ರಲ್ಲಿ ಹಿಂದೂಸ್ತಾನಿಯಿಂದ ಮಾಡಿದ ತೆಳುವಾದ ಸಂಕ್ಷಿಪ್ತ ಅನುವಾದದ ಮೂಲಕ. ಮೂಲವು ಆತ್ಮಜ್ಞಾನ, ದೈವಜ್ಞಾನಗಳ ಪೀಠಿಕೆಯ ಬಳಿಕ ಆರಾಧನೆ, ವ್ಯವಹಾರ, ನಾಶಕ ಗುಣ, ತಾರಕ ಗುಣ ಎಂಬ ನಾಲ್ಕು ಸ್ತಂಭಗಳ ಮೇಲೆ ನಿಂತ ದೊಡ್ಡ ಗ್ರಂಥ. ಊಟದ ಮರ್ಯಾದೆಯಿಂದ ಹಿಡಿದು ವ್ಯಾಪಾರದ ನಿಯಮಗಳವರೆಗೆ ಎಲ್ಲವೂ ಅಲ್ಲಿವೆ. ಸಂಕ್ಷೇಪದಲ್ಲಿ ಪೀಠಿಕೆಯೇ ಪ್ರಧಾನವಾಗಿ, ವ್ಯವಹಾರದ ಸ್ತಂಭದಿಂದ ಉಳಿದದ್ದು ಹೆಚ್ಚಾಗಿ ವಿವಾಹದ ಪ್ರಸ್ತಾಪ. ತಕ್ಕಡಿ ಬಿಟ್ಟುಹೋದ ‘ಸುಖದ ರಸವಿದ್ಯೆ’ಯನ್ನು ಓದಿದವರಿಗೆ ಗಜಾಲಿ ಅಂತರಂಗದ ಲೇಖಕನಾಗಿ ಮಾತ್ರ ಕಂಡರೆ ಅದು ಸಹಜ.

ಸಕಾರಾತ್ಮಕ ಮನೋವಿಜ್ಞಾನಕ್ಕೆ ತನ್ನೊಳಗಿನ ವಿಮರ್ಶಕರೂ ಇದ್ದಾರೆ. ತೃಪ್ತಿಯನ್ನೇ ಸುಸ್ಥಿತಿಯೆಂದು ಗಣಿಸುವುದನ್ನು ಕ್ಯಾರೊಲ್ ರಿಫ್ ೧೯೮೯ರಲ್ಲಿಯೇ ಪ್ರಶ್ನಿಸಿ ಅರಿಸ್ಟಾಟಲನ ಕಡೆಗೆ ಬೆರಳು ತೋರಿದ್ದರು. ಸುಭಾವನೆಗಳು ದುರ್ಭಾವನೆಗಳಿಗಿಂತ ೨.೯೦೧೩ ಪಟ್ಟು ಹೆಚ್ಚಿದ್ದರೆ ಬದುಕು ಅರಳುತ್ತದೆಂದು ೨೦೦೫ರಲ್ಲಿ ಫ್ರೆಡ್ರಿಕ್‌ಸನ್ ಮತ್ತು ಲೊಸಾಡಾ ಹೇಳಿದ್ದ ಗಣಿತವನ್ನು ೨೦೧೩ರಲ್ಲಿ ಬ್ರೌನ್, ಸೋಕಲ್, ಫ್ರೀಡ್‌ಮನ್ ಮೂವರು ನಿರಾಧಾರವೆಂದು ತೋರಿಸಿದರು; ಆ ಭಾಗವನ್ನು ಹಿಂತೆಗೆದುಕೊಳ್ಳಲಾಯಿತು. ತನ್ನ ತಪ್ಪನ್ನು ಹೀಗೆ ಅಂಕಿಅಂಶಗಳಿಂದ ಹಿಡಿಯಬಲ್ಲ ಶಕ್ತಿ ಅಭಿಜಾತ ನೀತಿಶಾಸ್ತ್ರಕ್ಕೆ ಇರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಯಾವ ನಗರದ ಸೇವೆಗೆ ಎಂಬ ಪ್ರಶ್ನೆಗೆ ಅಂಕಿಅಂಶಗಳು ಉತ್ತರಿಸವು. ಅಮೆರಿಕದ ಸೈನ್ಯವು ೨೦೦೯ರಲ್ಲಿ ಸೆಲಿಗ್‌ಮನ್ ಅವರ ನೆರವಿನಿಂದ ಸೈನಿಕರ ಮನೋಬಲ ವೃದ್ಧಿಯ ಕಾರ್ಯಕ್ರಮವನ್ನು ಆರಂಭಿಸಿದಾಗ ಚರ್ಚೆ ಬಹುಮಟ್ಟಿಗೆ ಅದು ಫಲಕಾರಿಯೆ ಎಂಬುದರ ಸುತ್ತಲೇ ನಡೆಯಿತು. ನ್ಯಾಯದ ಯುದ್ಧವನ್ನೂ ಅನ್ಯಾಯದ ಯುದ್ಧವನ್ನೂ ಬೇರ್ಪಡಿಸಿ ಬರೆದ ಫಾರಾಬಿ, ಧೈರ್ಯವನ್ನು ಅಳೆಯುವ ಮೊದಲು ಆ ನಗರವು ಗೆದ್ದಾಳುವ ನಗರವೆ ಎಂದು ಕೇಳುತ್ತಿದ್ದ.

ಮಾಪನಿಯ ಮಿತಿಯನ್ನು ಕಾಣಲು ಗಜಾಲಿಯ ಆತ್ಮಕಥನಕ್ಕಿಂತ ಉತ್ತಮ ದಾಖಲೆ ಸಿಗುವುದಿಲ್ಲ. ೧೦೯೧ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯಕ್ಕೆ ನೇಮಕಗೊಂಡ ಅವನಿಗೆ ಮುನ್ನೂರು ವಿದ್ಯಾರ್ಥಿಗಳಿದ್ದರು. ಕೀರ್ತಿ, ರಾಜಾಶ್ರಯ, ಕುಟುಂಬ ಯಾವುದಕ್ಕೂ ಕೊರತೆಯಿರಲಿಲ್ಲ. ೧೦೯೫ರಲ್ಲಿ ಅವನ ನಾಲಗೆ ಕಟ್ಟಿತು. ಪಾಠ ಹೇಳಲಾಗದಂತಾಯಿತು, ಅನ್ನ ಗಂಟಲಲ್ಲಿ ಇಳಿಯದಾಯಿತು. ಇದು ಹೃದಯಕ್ಕೆ ಬಂದದ್ದು, ಅಲ್ಲಿಂದ ದೇಹಕ್ಕೆ ಇಳಿದದ್ದು ಎಂದು ವೈದ್ಯರು ಕೈಚೆಲ್ಲಿದರು. ಆ ಹಿಂದಿನ ವರ್ಷಗಳನ್ನು ಅವನು ಕುಸಿಯುವ ದಂಡೆಯ ಅಂಚಿನಲ್ಲಿ ನಿಂತ ಕಾಲವೆಂದೂ, ಮೂಕತನದ ಆ ತಿಂಗಳುಗಳನ್ನು ಸಆದಾದ ಕಡೆಗೆ ತಿರುಗಿದ ಕಾಲವೆಂದೂ ಬರೆಯುತ್ತಾನೆ. ಕುಟುಂಬಕ್ಕೆ ಬೇಕಾದಷ್ಟನ್ನು ಇಟ್ಟು ಉಳಿದ ಆಸ್ತಿಯನ್ನು ಹಂಚಿ ಅವನು ದಮಾಸ್ಕಸ್ಸಿನ ದಾರಿ ಹಿಡಿದ. ಮತ್ತೆ ನಿಶಾಪುರದಲ್ಲಿ ಪಾಠ ಹೇಳಲು ಒಪ್ಪಿಕೊಂಡದ್ದು ೧೧೦೬ರಲ್ಲಿ. ಈ ನಡುವಣ ವರ್ಷಗಳ ಫಲವೇ ‘ಇಹ್ಯಾ’. ನಾಣ್ಯವನ್ನು ಕುರಿತ ಆ ಪುಟಗಳು ಅದರಲ್ಲಿಯೇ ಇವೆ.